ಆಸ್ಪತ್ರೆಯ ಲ್ಯಾಬಿಗೆ ಹೊಸದಾಗಿ ಸೇರುವವರಿಗೆ: ಸ್ಯಾಂಪಲ್ ತೆಗೆಯುವುದರಿಂದ ರಿಪೋರ್ಟ್ ಬಿಡುವವರೆಗೆ

ಮೈಸೂರು, ಮಂಡ್ಯ ಕಡೆಯ ಆಸ್ಪತ್ರೆಗಳ ಲ್ಯಾಬುಗಳಿಗೆ ಪ್ರತಿ ವರ್ಷ ಹೊಸಬರು ಬಂದು ಸೇರುತ್ತಾರೆ. ಕೆಲವರು ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ ಮುಗಿಸಿರುತ್ತಾರೆ. ಕೆಲವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿಯನ್ನೂ ಇಂಟರ್ನ್‌ಶಿಪ್ಪನ್ನೂ ಪೂರೈಸಿರುತ್ತಾರೆ. ತರಗತಿಯಲ್ಲಿ ಇವರು ಹೆಚ್ಚಾಗಿ ಕಲಿತಿರುವುದು ಪರೀಕ್ಷೆ ಮಾಡುವ ವಿಧಾನವನ್ನು. ಆಸ್ಪತ್ರೆಯಲ್ಲಿ ಆ ಕೆಲಸದ ಬಹುಪಾಲನ್ನು ಅನಲೈಸರ್ ಯಂತ್ರವೇ ಮಾಡಿಬಿಡುತ್ತದೆ. ಟೆಕ್ನಾಲಜಿಸ್ಟ್ ಪಾಲಿಗೆ ಉಳಿಯುವುದು ಇನ್ನೂ ಕಷ್ಟದ ಕೆಲಸ: ಪರದೆಯ ಮೇಲೆ ಬಂದ ಅಂಕಿ ಈ ರೋಗಿಯದೇ ಹೌದೇ, ಅದು ಅವರ ಮೈಯೊಳಗಿನ ಸ್ಥಿತಿಯನ್ನು ಹೇಳುತ್ತಿದೆಯೇ ಅಥವಾ ಸೂಜಿ, ಟ್ಯೂಬ್, ಡ್ರಿಪ್, ವಿಳಂಬ ಇವುಗಳಲ್ಲಿ ಯಾವುದೋ ಒಂದರ ಫಲವೇ ಎಂದು ತೀರ್ಮಾನಿಸುವುದು. ವಾರ್ಡಿನ ವೈದ್ಯರ ಕೈಗೆ ಸಿಗುವುದು ಅಂಕಿ ಮಾತ್ರ. ಅದರ ಹಿಂದಿನ ಸ್ಯಾಂಪಲನ್ನು ಕಣ್ಣಾರೆ ನೋಡಿದವರು ನೀವು. ಈ ಬರಹದ ಮಾತೆಲ್ಲ ಆ ತೀರ್ಮಾನದ ಕುರಿತಾಗಿದೆ.

ಹೆಸರು ಕೇಳುವ ಕ್ರಮ

ನಮ್ಮ ಸೀಮೆಯ ಯಾವುದೇ ದೊಡ್ಡ ಆಸ್ಪತ್ರೆಯ ಮಹಿಳಾ ವಾರ್ಡಿನಲ್ಲಿ ಒಂದೇ ದಿನ ಇಬ್ಬರು ಮಹದೇವಮ್ಮ, ಇಬ್ಬರು ಜಯಮ್ಮ, ಒಬ್ಬ ಚಿಕ್ಕತಾಯಮ್ಮ ಇದ್ದೇ ಇರುತ್ತಾರೆ. ಗಂಡಸರ ವಾರ್ಡಿನಲ್ಲಿ ಪುಟ್ಟಸ್ವಾಮಿ, ನಿಂಗೇಗೌಡ, ಸಿದ್ದರಾಜು ಇವರ ಕಥೆಯೂ ಅಷ್ಟೇ. ಆದ್ದರಿಂದ "ನೀವು ಮಹದೇವಮ್ಮನಾ?" ಎಂದು ಎಂದಿಗೂ ಕೇಳಬೇಡಿ. ಜ್ವರದಲ್ಲಿ ಮಲಗಿರುವ, ಕಿವಿ ಮಂದವಾಗಿರುವ ಅಥವಾ ಆಸ್ಪತ್ರೆಯವರಿಗೆ ಎದುರಾಡಬಾರದು ಎಂದುಕೊಂಡಿರುವ ಹಿರಿಯರು ಯಾವ ಹೆಸರಿಗೂ "ಹೂಂ" ಎನ್ನುತ್ತಾರೆ. "ನಿಮ್ಮ ಹೆಸರು ಹೇಳಿ ತಾಯಿ, ಯಜಮಾನರ ಹೆಸರು ಏನು, ಯಾವೂರು?" ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು, ಹೇಳಿದ್ದನ್ನು ಕೋರಿಕೆ ಚೀಟಿಯ ಹೆಸರಿನೊಂದಿಗೆ, ಆಸ್ಪತ್ರೆ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಮಂಚದ ಸಂಖ್ಯೆಯನ್ನು ಗುರುತಾಗಿ ನಂಬುವಂತಿಲ್ಲ, ಏಕೆಂದರೆ ರೌಂಡ್ಸ್ ಮುಗಿಯುವಷ್ಟರಲ್ಲಿ ರೋಗಿಗಳು ಮಂಚ ಬದಲಿಸಿರುತ್ತಾರೆ. ಪ್ರಜ್ಞೆಯಿಲ್ಲದ ರೋಗಿಯಾದರೆ ಕೈಪಟ್ಟಿ ನೋಡಿ. ಕೈಪಟ್ಟಿ ಇಲ್ಲದಿದ್ದರೆ ನರ್ಸ್ ಜೊತೆಗಿದ್ದು ಗುರುತಿಸಿದ ಮೇಲಷ್ಟೇ ಸೂಜಿ ಹಾಕಿ.

ಟ್ಯೂಬಿಗೆ ಲೇಬಲ್ ಅಂಟಿಸುವುದು ರಕ್ತ ತೆಗೆದ ಮೇಲೆ, ರೋಗಿಯ ಎದುರಿಗೆ, ಅಲ್ಲಿಂದ ಹೆಜ್ಜೆ ಕೀಳುವ ಮುನ್ನ. ಮೊದಲೇ ಲೇಬಲ್ ಹಾಕಿ ಟ್ರೇಯಲ್ಲಿ ಸಾಲಾಗಿ ಜೋಡಿಸಿಟ್ಟುಕೊಂಡು ಹೊರಡುವ ಪದ್ಧತಿ ಕೆಲವು ಕಡೆ ಇದೆ. ಕೆಲಸ ಬೇಗ ಮುಗಿಯುತ್ತದೆ ಎಂಬುದು ಅದರ ಸಮರ್ಥನೆ. ಆದರೆ ಒಬ್ಬರ ಟ್ಯೂಬಿಗೆ ಇನ್ನೊಬ್ಬರ ರಕ್ತ ಹೋಗುವುದಕ್ಕೆ ಅದಕ್ಕಿಂತ ಸಲೀಸಾದ ದಾರಿ ಬೇರೆಯಿಲ್ಲ. ಹಾಗೆ ಹೋದ ರಕ್ತ ರಕ್ತನಿಧಿಗೆ ಕಳುಹಿಸಿದ ಗುಂಪು ಪರೀಕ್ಷೆಯದಾಗಿದ್ದರೆ ಪ್ರಾಣಕ್ಕೇ ಕುತ್ತು. ಯಾರು ಅವಸರ ಮಾಡಿದರೂ ಈ ಒಂದು ವಿಷಯದಲ್ಲಿ ಮಣಿಯಬೇಡಿ.

ಖಾಲಿ ಹೊಟ್ಟೆ, ಡ್ರಿಪ್ ಇರುವ ಕೈ, ಟ್ಯೂಬುಗಳ ಸರದಿ

ಮಳವಳ್ಳಿ, ಕೆ.ಆರ್.ಪೇಟೆ, ತಿ.ನರಸೀಪುರದ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬಂದವರನ್ನು "ಏನಾದರೂ ತಿಂದಿದ್ದೀರಾ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. "ಏನೂ ತಿಂದಿಲ್ಲ ಕಣಪ್ಪಾ, ಬಸ್‌ಸ್ಟ್ಯಾಂಡಲ್ಲಿ ಒಂದ್ ಲೋಟ ಕಾಪಿ ಕುಡ್ದೆ ಅಷ್ಟೇಯ" ಎಂಬ ಮಾತು ಬರಬೇಕಾದರೆ ಇನ್ನೊಂದು ಪ್ರಶ್ನೆ ಕೇಳಬೇಕು. ಕಾಫಿ, ಟೀ, ಎಲೆ ಅಡಿಕೆ, ಬಿಸ್ಕತ್ತು, ಸಕ್ಕರೆಯ ಔಷಧಿ ಇವುಗಳನ್ನು ಒಂದೊಂದಾಗಿ ಹೆಸರು ಹೇಳಿ ಕೇಳಿ. ನೀರು ಕುಡಿದಿದ್ದರೆ ತೊಂದರೆಯಿಲ್ಲ. ಎಷ್ಟೋ ಜನ ನೀರನ್ನೂ ಬಿಟ್ಟು ಬಂದು ನರ ಸಿಗದಂತಾಗಿರುತ್ತಾರೆ, ಆದ್ದರಿಂದ ಹಿಂದಿನ ದಿನವೇ ನೀರು ಕುಡಿಯಬಹುದೆಂದು ತಿಳಿಸಿ ಕಳುಹಿಸಿ. ಕಾಫಿ ಕುಡಿದು ಬಂದವರನ್ನು ಗದರಿಸಿ ವಾಪಸ್ಸು ಕಳುಹಿಸುವುದು ಸಲ್ಲದು. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಚೀಟಿ ಬರೆದ ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ರ‍್ಯಾಂಡಮ್ ಸಕ್ಕರೆ ಎಂದು ಸ್ಪಷ್ಟವಾಗಿ ನಮೂದಿಸಿ ಪರೀಕ್ಷೆ ಮಾಡಬಹುದು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸದ ಅಗತ್ಯವೇ ಇಲ್ಲ.

ಕೈಗೆ ಕಟ್ಟುವ ಟೂರ್ನಿಕೆಟ್ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ಹೆಚ್ಚು ಹೊತ್ತು ಕಟ್ಟಿದರೆ ರಕ್ತದ ನೀರಿನಂಶ ಹೊರಗೆ ಜಾರಿ ಪ್ರೋಟೀನ್, ಕ್ಯಾಲ್ಸಿಯಂ, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಎಂಬ ಅಂಕಿ) ಏರುತ್ತವೆ. ನರ ಉಬ್ಬಲಿ ಎಂದು ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಸಿ ಬಿಡಿಸಿದರೆ ಪೊಟ್ಯಾಸಿಯಂ ಏರುತ್ತದೆ. ಸ್ಪಿರಿಟ್ ಒಣಗುವ ಮುನ್ನ ಚುಚ್ಚುವುದು, ತೀರಾ ಸಣ್ಣ ಸೂಜಿಯಿಂದ ಬಲವಂತವಾಗಿ ಎಳೆಯುವುದು, ಸಿರಿಂಜಿನಿಂದ ಟ್ಯೂಬಿಗೆ ರಭಸವಾಗಿ ಒತ್ತುವುದು, ಈ ಮೂರರಿಂದಲೂ ಕೆಂಪು ರಕ್ತಕಣಗಳು ಒಡೆಯುತ್ತವೆ.

ಡ್ರಿಪ್ ಓಡುತ್ತಿರುವ ಕೈಯಿಂದ ರಕ್ತ ತೆಗೆಯಬಾರದೆಂಬುದು ಎಲ್ಲರಿಗೂ ಗೊತ್ತಿದ್ದರೂ ಎರಡನೆಯ ಕೈಯಲ್ಲಿ ನರ ಸಿಗದಿದ್ದಾಗ ಆ ನಿಯಮ ಸಡಿಲವಾಗುತ್ತದೆ. ಸಡಿಲವಾದರೆ ಆಗುವುದೇನು ಎಂಬ ಲೆಕ್ಕ ಗೊತ್ತಿರಲಿ. ಶೇ. 5ರ ಡೆಕ್ಸ್‌ಟ್ರೋಸ್ ದ್ರವದಲ್ಲಿ ಒಂದು ಡೆಸಿಲೀಟರಿಗೆ 5000 ಮಿಲಿಗ್ರಾಂ ಸಕ್ಕರೆ ಇರುತ್ತದೆ. ನಿಮ್ಮ ಸ್ಯಾಂಪಲಿನ ಹತ್ತರಲ್ಲಿ ಒಂದು ಪಾಲು ಆ ದ್ರವವಾಗಿದ್ದರೂ ಸಕ್ಕರೆಯ ಅಂಕಿ ಸುಮಾರು 500ರಷ್ಟು ಸುಮ್ಮಸುಮ್ಮನೆ ಏರುತ್ತದೆ. ಆ ಅಂಕಿ ನೋಡಿ ವಾರ್ಡಿನಲ್ಲಿ ಇನ್ಸುಲಿನ್ ಕೊಟ್ಟರೆ ರೋಗಿಯ ನಿಜವಾದ ಸಕ್ಕರೆ ಎಲ್ಲಿಗೆ ಇಳಿಯುತ್ತದೆ ಎಂದು ಯೋಚಿಸಿ. ಬೇರೆ ದಾರಿಯೇ ಇಲ್ಲದಿದ್ದರೆ ವೈದ್ಯರ ಅನುಮತಿಯಿಂದ ಡ್ರಿಪ್ ನಿಲ್ಲಿಸಿಸಿ, ಕೆಲವು ನಿಮಿಷ ಕಾದು, ಡ್ರಿಪ್ ಜಾಗಕ್ಕಿಂತ ಕೆಳಗಿನ ನರದಿಂದ ತೆಗೆದು, ಮೊದಲು ಬಂದ ರಕ್ತವನ್ನು ಚೆಲ್ಲಿ, ಈ ವಿಷಯವನ್ನು ಚೀಟಿಯಲ್ಲಿ ಬರೆಯಬೇಕು.

ಟ್ಯೂಬು ತುಂಬುವ ಸರದಿ ಹೀಗೆ: ಮೊದಲು ಬ್ಲಡ್ ಕಲ್ಚರ್ ಬಾಟಲಿ, ಆಮೇಲೆ ತಿಳಿನೀಲಿ ಮುಚ್ಚಳದ ಸಿಟ್ರೇಟ್, ಅನಂತರ ಕೆಂಪು ಅಥವಾ ಹಳದಿ ಮುಚ್ಚಳದ ಸೀರಮ್ ಟ್ಯೂಬ್, ಹಸಿರು ಮುಚ್ಚಳದ ಹೆಪಾರಿನ್, ನೇರಳೆ ಮುಚ್ಚಳದ ಇಡಿಟಿಎ, ಕೊನೆಗೆ ಬೂದು ಮುಚ್ಚಳದ ಫ್ಲೋರೈಡ್. ಸಿಟ್ರೇಟ್, ಹೆಪಾರಿನ್, ಇಡಿಟಿಎ ಮೂರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳು; ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ. ಈ ಸರದಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಕಾರಣವನ್ನು ತಿಳಿದುಕೊಳ್ಳುವುದು ಮೇಲು. ಇಡಿಟಿಎ ಟ್ಯೂಬಿನಲ್ಲಿರುವುದು ಪೊಟ್ಯಾಸಿಯಮ್ಮಿನ ಲವಣ. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಒಂದೆರಡು ಹನಿ ಸೀರಮ್ ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ವಿಪರೀತ ಏರಿ ಕ್ಯಾಲ್ಸಿಯಂ ವಿಪರೀತ ಇಳಿಯುತ್ತದೆ. ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕಾದುದರಿಂದ ಗೆರೆಯವರೆಗೆ ತುಂಬಲೇಬೇಕು. ಅರೆಬರೆ ತುಂಬಿದ ಟ್ಯೂಬಿನಲ್ಲಿ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳ ಸಮಯ ಸುಳ್ಳಾಗಿಯೇ ಹೆಚ್ಚು ಬರುತ್ತದೆ. ಟ್ಯೂಬುಗಳನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ. ಇಡಿಟಿಎಗೆ ಎಂಟು ಹತ್ತು ಸಲ, ಸಿಟ್ರೇಟಿಗೆ ಮೂರು ನಾಲ್ಕು ಸಲ ಸಾಕು. ಅಲುಗಾಡಿಸಿ ಕುಲುಕಬಾರದು.

ಮೂತ್ರ, ಕಫ ಇವುಗಳ ಡಬ್ಬಿಯನ್ನು ಕೈಗೆ ಕೊಟ್ಟು "ಹಿಡಿದುಕೊಂಡು ಬನ್ನಿ" ಎಂದಷ್ಟೇ ಹೇಳುವುದು ಅರ್ಧ ಕೆಲಸ. ಶುಚಿ ಮಾಡಿಕೊಂಡು, ಮೊದಲ ಧಾರೆಯನ್ನು ಬಿಟ್ಟು, ನಡುವಿನದನ್ನು ಹಿಡಿಯಬೇಕೆಂದು ಸಂಕೋಚವಿಲ್ಲದೆ ಬಿಡಿಸಿ ಹೇಳಿ. ಹೆಂಗಸರಿಗೆ ಇದನ್ನು ಹೆಂಗಸರೇ, ಸ್ವಲ್ಪ ಮರೆಯಲ್ಲಿ ಹೇಳಿದರೆ ಅವರು ಗಮನವಿಟ್ಟು ಕೇಳುತ್ತಾರೆ. ಕ್ಷಯದ ಪರೀಕ್ಷೆಗೆ ಉಗುಳು ಸಾಲದು, ಬಾಯಿ ಮುಕ್ಕಳಿಸಿ, ಉಸಿರನ್ನು ಆಳವಾಗಿ ಎಳೆದು, ಎದೆಯಿಂದ ಕೆಮ್ಮಿ ತೆಗೆದ ಕಫ ಬೇಕು. ಕ್ಷಯದ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಉಗುಳಿನಲ್ಲಿ ಇಲ್ಲದ ರೋಗಾಣುವನ್ನು ಅದು ಕಂಡುಹಿಡಿಯಲಾರದು.

ಸ್ಯಾಂಪಲ್ ಲ್ಯಾಬಿಗೆ ಬಂದ ಮೇಲೆ

ಸ್ವೀಕರಿಸುವ ಮೇಜಿನಲ್ಲಿ ಕುಳಿತವರಿಗೆ ಬೇಡ ಎನ್ನುವ ಅಧಿಕಾರವಿರಬೇಕು, ಆ ಅಧಿಕಾರವನ್ನು ಅವರು ವಿನಯದಿಂದ ಬಳಸಬೇಕು. ಲೇಬಲ್ ಇಲ್ಲದ್ದು, ಹೆಸರು ಹೊಂದದ್ದು, ಹೆಪ್ಪುಗಟ್ಟಿದ ಇಡಿಟಿಎ ಟ್ಯೂಬು, ಅರ್ಧ ತುಂಬಿದ ಸಿಟ್ರೇಟ್, ಸೋರಿದ ಡಬ್ಬಿ ಇವುಗಳನ್ನು ತೆಗೆದುಕೊಳ್ಳುವಂತಿಲ್ಲ. ವಾರ್ಡಿಗೆ ಫೋನ್ ಮಾಡಿ "ಸಿಸ್ಟರ್, ಈ ಟ್ಯೂಬ್ ಹೆಪ್ಪುಗಟ್ಟಿದೆ, ಪ್ಲೇಟ್‌ಲೆಟ್ ತಪ್ಪಾಗಿ ಕಡಿಮೆ ಬರುತ್ತದೆ, ದಯವಿಟ್ಟು ಇನ್ನೊಂದು ಕಳುಹಿಸಿ" ಎಂದು ಕಾರಣ ಸಹಿತ ಹೇಳಿದರೆ ಯಾರೂ ಬೇಸರಿಸುವುದಿಲ್ಲ. "ಸ್ಯಾಂಪಲ್ ಸರಿಯಿಲ್ಲ" ಎಂದಷ್ಟೇ ಹೇಳಿ ಫೋನ್ ಇಟ್ಟರೆ ಮುಂದಿನ ಸ್ಯಾಂಪಲೂ ಅದೇ ರೀತಿ ಬರುತ್ತದೆ. ತಿರಸ್ಕರಿಸಿದ್ದನ್ನು ಕಾರಣ, ಸಮಯ, ಮಾತನಾಡಿದವರ ಹೆಸರು ಸಹಿತ ರಿಜಿಸ್ಟರಿನಲ್ಲಿ ಬರೆದಿಡಿ. ಸೊಂಟದ ನೀರು (ಬೆನ್ನುಹುರಿಯ ಸುತ್ತಲಿನ ದ್ರವ), ಮಗುವಿನ ಸ್ಯಾಂಪಲ್‌ನಂತಹ ಮತ್ತೆ ತೆಗೆಯುವುದು ಕಷ್ಟವಾದವುಗಳನ್ನು ಮಾತ್ರ ಸುಮ್ಮನೆ ಚೆಲ್ಲಿಬಿಡದೆ ವೈದ್ಯರೊಂದಿಗೆ ಮಾತನಾಡಿದ ಮೇಲೆಯೇ ತೀರ್ಮಾನಿಸಬೇಕು.

ಸಮಯವೂ ಸ್ಯಾಂಪಲಿನ ಒಂದು ಭಾಗವೇ. ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಹಾಗೆಂದು ಇಡೀ ರಕ್ತವನ್ನು ಫ್ರಿಜ್ಜಿಗೆ ಹಾಕಿದರೆ ಪೊಟ್ಯಾಸಿಯಂ ಕಣಗಳಿಂದ ಹೊರಬಂದು ಅಂಕಿ ಏರುತ್ತದೆ. ತಾಲ್ಲೂಕು ಆಸ್ಪತ್ರೆಗಳಿಂದ ಮೈಸೂರಿಗೆ ಸ್ಯಾಂಪಲ್ ಕಳುಹಿಸುವವರು ಐಸ್‌ಪ್ಯಾಕಿಗೆ ಟ್ಯೂಬನ್ನು ನೇರವಾಗಿ ತಾಗಿಸಿ ಇಡುವುದನ್ನು ನೋಡಿದ್ದೇನೆ; ಮಂಡ್ಯದ ಬೇಸಿಗೆಗೆ ಹೆದರಿ ಹಾಗೆ ಮಾಡುತ್ತಾರೆ, ಆದರೆ ತಾಗಿದ ಕಡೆ ಕಣ ಒಡೆಯುತ್ತದೆ. ಸೀರಮ್ಮನ್ನು ಬೇರ್ಪಡಿಸಿ ಕಳುಹಿಸುವುದೇ ಸರಿ. ಸೀರಮ್ ಟ್ಯೂಬು ಪೂರ್ತಿ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಡಿ; ಅದಕ್ಕೂ ಮೊದಲೇ ಸೆಂಟ್ರಿಫ್ಯೂಜಿಗೆ ಹಾಕಿದರೆ ಫೈಬ್ರಿನ್ ಎಳೆ ಉಳಿದು ಅನಲೈಸರಿನ ಪ್ರೋಬಿಗೆ ಸಿಕ್ಕಿಕೊಳ್ಳುತ್ತದೆ. ಕಾಮಾಲೆಯ ಕೂಸುಗಳ ಬಿಲಿರುಬಿನ್ ಸ್ಯಾಂಪಲನ್ನು ಬೆಳಕು ತಾಗದಂತೆ ಕಪ್ಪು ಕಾಗದದಲ್ಲಿ ಸುತ್ತಿಡಬೇಕು, ಏಕೆಂದರೆ ಬೆಳಕಿಗೆ ಬಿಲಿರುಬಿನ್ ಕರಗಿ ಅಂಕಿ ಕಡಿಮೆ ಬರುತ್ತದೆ.

ಯಂತ್ರ ಸರಿಯಿದೆಯೇ ಎಂದು ಕೇಳುವುದು

ಬೆಳಗಿನ ಮೊದಲ ರೋಗಿಯ ಸ್ಯಾಂಪಲಿಗೂ ಮುನ್ನ ಕಂಟ್ರೋಲ್ (ಅಂಕಿ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಬೇಕು, ಕನಿಷ್ಠ ಎರಡು ಮಟ್ಟದ್ದು. ಪುಡಿಯ ರೂಪದಲ್ಲಿ ಬರುವ ಕಂಟ್ರೋಲಿಗೆ ನೀರು ಬೆರೆಸುವಾಗ ಅಂದಾಜು ಬೇಡ. ನಿಖರವಾದ ಪಿಪೆಟ್ ಬಳಸಿ, ನೊರೆ ಬರದಂತೆ ಮೆಲ್ಲಗೆ ತಿರುಗಿಸಿ, ತಯಾರಕರು ಹೇಳಿದಷ್ಟು ಹೊತ್ತು ಬಿಟ್ಟು ಬಳಸಿ. ಬಂದ ಅಂಕಿಯನ್ನು, ದಿನದಿನದ ಅಂಕಿ ಸರಾಸರಿಯಿಂದ ಎಷ್ಟು ಸರಿದಿದೆ ಎಂದು ತೋರಿಸುವ ಲೆವಿ–ಜೆನ್ನಿಂಗ್ಸ್ ಚಾರ್ಟಿನಲ್ಲಿ ಗುರುತಿಸಿ. ಎಲ್ಲವೂ ಸರಿಯಿದ್ದಾಗಲೂ ಸುಮಾರು ಇಪ್ಪತ್ತರಲ್ಲಿ ಒಂದು ಸಲ ಅಂಕಿ ಎರಡು ಎಸ್‌ಡಿ (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಎಂಬುದರ ಅಳತೆ) ಗೆರೆಯ ಹೊರಗೆ ಬೀಳುತ್ತದೆ, ಆದ್ದರಿಂದ ಅದು ಎಚ್ಚರಿಕೆ ಮಾತ್ರ. ಮೂರು ಎಸ್‌ಡಿಯ ಹೊರಗೆ ಒಂದು ಸಲ ಹೋದರೆ, ಅಥವಾ ಎರಡು ಎಸ್‌ಡಿಯ ಹೊರಗೆ ಒಂದೇ ಕಡೆಗೆ ಎರಡು ಸಲ ಸತತವಾಗಿ ಹೋದರೆ ಆ ಪರೀಕ್ಷೆಯನ್ನು ನಿಲ್ಲಿಸಬೇಕು. ಹತ್ತು ಅಂಕಿಗಳು ಸತತವಾಗಿ ಸರಾಸರಿಯ ಒಂದೇ ಬದಿಯಲ್ಲಿ ಕುಳಿತಿದ್ದರೆ, ಒಂದೂ ಗೆರೆ ದಾಟದಿದ್ದರೂ, ಏನೋ ಸರಿದಿದೆ ಎಂದೇ ಅರ್ಥ: ರೀಏಜೆಂಟಿನ (ಪರೀಕ್ಷೆಗೆ ಬಳಸುವ ರಾಸಾಯನಿಕದ) ಹೊಸ ಲಾಟ್, ಯಂತ್ರದೊಳಗಿನ ಹಳೆಯದಾದ ದೀಪ, ತಪ್ಪಿದ ಕ್ಯಾಲಿಬ್ರೇಷನ್.

ಕಂಟ್ರೋಲ್ ಫೇಲಾದಾಗ ಪಾಸಾಗುವವರೆಗೆ ಮತ್ತೆ ಮತ್ತೆ ಹಾಕುತ್ತ ಹೋಗುವುದು ಬಹಳ ಕಡೆ ನಡೆಯುತ್ತದೆ. ನನಗೆ ಇದರಷ್ಟು ಸಂಕಟ ಕೊಡುವ ಅಭ್ಯಾಸ ಇನ್ನೊಂದಿಲ್ಲ. ಹತ್ತು ಸಲ ಹಾಕಿದರೆ ಒಂದು ಸಲ ಒಳಗೆ ಬಿದ್ದೇ ಬೀಳುತ್ತದೆ. ಚಾರ್ಟಿನಲ್ಲಿ ಅದೊಂದೇ ಚುಕ್ಕೆ ಉಳಿಯುತ್ತದೆ, ಕೆಟ್ಟ ರೀಏಜೆಂಟ್ ಇದ್ದಲ್ಲೇ ಇರುತ್ತದೆ. ಫೇಲಾದ ಅಂಕಿಯನ್ನೂ ಬರೆಯಿರಿ, ಕಾರಣ ಹುಡುಕಿದ್ದನ್ನೂ ಬರೆಯಿರಿ. ಫ್ರಿಜ್ಜಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಇದೆಯೇ ಎಂದು ಬೆಳಿಗ್ಗೆ ಸಂಜೆ ನೋಡಿ ದಾಖಲಿಸಿ. ರಾತ್ರಿ ಕರೆಂಟು ಹೋಗಿ ಬಂದಿದ್ದರೆ ಆ ವಿಷಯ ಬೆಳಗಿನವರಿಗೆ ಗೊತ್ತಾಗಲೇಬೇಕು.

ಅಂಕಿಯನ್ನು ಓದುವುದು

ರಿಪೋರ್ಟ್ ಬಿಡುವ ಮುನ್ನ ಆ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಕಣಗಳ ಗಾತ್ರವೂ ಬಣ್ಣವೂ ಸಹಜವಾಗಿರುವ ರಕ್ತದಲ್ಲಿ ಹಿಮೋಗ್ಲೋಬಿನ್ನಿನ ಮೂರರಷ್ಟು ಪಿಸಿವಿ ಇರುತ್ತದೆ, ಮೂರು ಅಂಕಿ ಹೆಚ್ಚುಕಡಿಮೆ. ಹೊಂದದಿದ್ದರೆ ಮೊದಲು ಟ್ಯೂಬನ್ನೇ ಎತ್ತಿ ನೋಡಿ. ಪ್ಲಾಸ್ಮಾ ಹಾಲಿನಂತೆ ಬೆಳ್ಳಗಿದ್ದರೆ ಕೊಬ್ಬಿನಿಂದ ಹಿಮೋಗ್ಲೋಬಿನ್ ಸುಳ್ಳಾಗಿ ಏರಿದೆ. ಎಂಸಿಎಚ್‌ಸಿ (ಕೆಂಪುಕಣದೊಳಗಿನ ಹಿಮೋಗ್ಲೋಬಿನ್ನಿನ ಸಾಂದ್ರತೆ) ಅಸಹಜವಾಗಿ ಏರಿ ಕೆಂಪುಕಣಗಳ ಎಣಿಕೆ ವಿಪರೀತ ಇಳಿದಿದ್ದರೆ ತಣ್ಣಗಾದಾಗ ಕಣಗಳನ್ನು ಅಂಟಿಸುವ ಪ್ರತಿಕಾಯಗಳಿರಬಹುದು. ಟ್ಯೂಬನ್ನು 37 ಡಿಗ್ರಿಯಲ್ಲಿ ಬೆಚ್ಚಗಾಗಿಸಿ ತಕ್ಷಣ ಮತ್ತೊಮ್ಮೆ ಹಾಕಿ. ಪೊಟ್ಯಾಸಿಯಂ ತೀರಾ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ, ಆದರೆ ರೋಗಿ ಎದ್ದು ಕುಳಿತು ಊಟ ಮಾಡುತ್ತಿದ್ದಾರೆ ಎಂದರೆ ಇಡಿಟಿಎ ಬೆರೆತಿರುವ ಶಂಕೆ ಬರಬೇಕು. ಕಣ ಒಡೆದು ಸೀರಮ್ ಕೆಂಪಗಿದ್ದರೆ ಪೊಟ್ಯಾಸಿಯಂ ಮತ್ತು ಎಲ್‌ಡಿಎಚ್, ಎಎಸ್‌ಟಿ ಎಂಬ ಕಿಣ್ವಗಳ ಅಂಕಿಗಳನ್ನು ನಂಬುವಂತಿಲ್ಲ. ಅದೇ ರೋಗಿಯ ನಿನ್ನೆಯ ರಿಪೋರ್ಟನ್ನು ತೆರೆದು ಪಕ್ಕದಲ್ಲಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ. ಒಂದು ರಾತ್ರಿಯಲ್ಲಿ ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 70ರಿಂದ 92ಕ್ಕೆ ಹಾರಿದ್ದರೆ, ನಡುವೆ ರಕ್ತ ಕೊಟ್ಟಿಲ್ಲದಿದ್ದರೆ, ಅದು ಬೇರೆಯವರ ರಕ್ತವಿರಬಹುದೆಂದು ಶಂಕಿಸಿ.

ಮಳೆಗಾಲದ ಡೆಂಗಿ ಸಮಯದಲ್ಲಿ ಲ್ಯಾಬಿನ ಮೇಲೆ ಬೀಳುವ ಒತ್ತಡವೆಲ್ಲ ಪ್ಲೇಟ್‌ಲೆಟ್ ಅಂಕಿಯ ಸುತ್ತ ಇರುತ್ತದೆ. ಮನೆಯವರು ಬಾಗಿಲಲ್ಲಿ ನಿಂತು "ಎಷ್ಟು ಬಂತು ಸಾರ್?" ಎಂದು ಕೇಳುತ್ತಿರುತ್ತಾರೆ. ಸೆಲ್ ಕೌಂಟರ್ 22,000 ಎಂದು ತೋರಿಸಿದರೆ ಸ್ಲೈಡ್ ನೋಡದೆ ಆ ಅಂಕಿಯನ್ನು ಹೊರಗೆ ಬಿಡಬೇಡಿ. ಮೊದಲು ಮರದ ಕಡ್ಡಿಯಿಂದ ಟ್ಯೂಬಿನಲ್ಲಿ ಸಣ್ಣ ಹೆಪ್ಪು ಇದೆಯೇ ಎಂದು ಪರೀಕ್ಷಿಸಿ. ಇಲ್ಲವಾದರೆ ಸ್ಲೈಡಿನ ಮೇಲೆ ರಕ್ತದ ತೆಳು ಪದರ (ಸ್ಮಿಯರ್) ಎಳೆದು, ಗಾಳಿಯಲ್ಲಿ ಒಣಗಿಸಿ, ಲೀಶ್‌ಮನ್ ಬಣ್ಣ ಸುರಿದು ಎರಡು ನಿಮಿಷ ಬಿಡಿ. ಬಣ್ಣದ ಎರಡರಷ್ಟು ಬಫರ್ ನೀರು ಸೇರಿಸಿ, ಬಾಯಿಯಿಂದ ಊದದೆ ಪಿಪೆಟ್ಟಿನಿಂದ ಬೆರೆಸಿ, ಎಂಟು ಹತ್ತು ನಿಮಿಷ ಕಾಯ್ದು ತೊಳೆಯಿರಿ. ಮೇಲೆ ಮೂಡುವ ಹಸಿರು ಮಿಂಚಿನ ಪೊರೆಯನ್ನು ನೀರು ಹರಿಸಿ ತೇಲಿಸಿ ತೆಗೆಯಬೇಕು, ಮೊದಲೇ ಬಣ್ಣ ಬಗ್ಗಿಸಿದರೆ ಆ ಪೊರೆ ಸ್ಲೈಡಿಗೆ ಅಂಟಿ ಕಪ್ಪು ಚುಕ್ಕೆಗಳಾಗಿ ಕಾಡುತ್ತದೆ. ಈಗ ಸ್ಮಿಯರಿನ ಬಾಲದ ತುದಿಯನ್ನು ನೋಡಿ. ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದರೆ ಅದು ಇಡಿಟಿಎಯಿಂದಾದ ಸುಳ್ಳು ಇಳಿಕೆ. ಸಿಟ್ರೇಟ್ ಟ್ಯೂಬಿನಲ್ಲಿ ಹೊಸ ರಕ್ತ ತೆಗೆಸಿ, ಸಿಟ್ರೇಟ್ ದ್ರವ ಬೆರೆತು ರಕ್ತ ತೆಳುವಾಗುವುದರಿಂದ ಬಂದ ಎಣಿಕೆಯನ್ನು 1.1ರಿಂದ ಗುಣಿಸಿ, ಅದನ್ನು ರಿಪೋರ್ಟಿನಲ್ಲಿ ಬರೆಯಿರಿ. ಗುಂಪುಗಳೇ ಇಲ್ಲದೆ ಕ್ಷೇತ್ರಗಳೆಲ್ಲ ಬರಿದಾಗಿದ್ದರೆ ಅಂಕಿ ನಿಜ, ಆಗ ತಡಮಾಡದೆ ವಾರ್ಡಿಗೆ ತಿಳಿಸಿ. ಇದರ ತದ್ವಿರುದ್ಧವೂ ಉಂಟು: ಕಬ್ಬಿಣದ ಕೊರತೆ ವಿಪರೀತವಾದವರಲ್ಲಿ ತುಂಬ ಸಣ್ಣದಾದ ಕೆಂಪುಕಣಗಳನ್ನೂ ಯಂತ್ರ ಪ್ಲೇಟ್‌ಲೆಟ್ ಎಂದು ಎಣಿಸಿ ಹೆಚ್ಚು ತೋರಿಸುತ್ತದೆ. ಡೆಂಗಿಯಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ ಜ್ವರದ ಮೊದಲ ಐದು ದಿನಗಳಲ್ಲಿ ಉಪಯುಕ್ತ, ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಆ ನಂತರ. ಆದ್ದರಿಂದ ಜ್ವರ ಬಂದು ಎಷ್ಟು ದಿನವಾಯಿತು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಎಚ್.ಡಿ.ಕೋಟೆ, ಹುಣಸೂರು ಕಡೆಯ ಹಾಡಿಗಳಿಂದ ಬರುವ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳವರ ರಕ್ತಹೀನತೆಯನ್ನು ಬರೀ ಕಬ್ಬಿಣದ ಕೊರತೆಯೆಂದು ಬಗೆದು ಮುಂದೆ ಹೋಗಬಾರದು. ಬುಡಕಟ್ಟು ಜನರಲ್ಲಿ ಕುಡುಗೋಲು ಕಣದ ರೋಗ ಇರುವುದರಿಂದಲೇ 2023ರಲ್ಲಿ ರಾಷ್ಟ್ರಮಟ್ಟದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭವಾಯಿತು, ಕರ್ನಾಟಕವೂ ಅದರಲ್ಲಿದೆ. ಮೊದಲ ಹಂತದ ಸಾಲ್ಯುಬಿಲಿಟಿ ಪರೀಕ್ಷೆ ಸರಳವಾದದ್ದು: ದ್ರಾವಣಕ್ಕೆ ರಕ್ತ ಬೆರೆಸಿ, ಟ್ಯೂಬಿನ ಹಿಂದೆ ಗೆರೆ ಎಳೆದ ಕಾಗದ ಹಿಡಿದಾಗ, ಗೆರೆಗಳು ಕಾಣದಷ್ಟು ಕದಡಿದ್ದರೆ ಪಾಸಿಟಿವ್. ಆದರೆ ಇದು ರೋಗವಿರುವವರನ್ನೂ ಬರೀ ವಾಹಕರನ್ನೂ ಬೇರ್ಪಡಿಸುವುದಿಲ್ಲ. ಆರು ತಿಂಗಳೊಳಗಿನ ಕೂಸುಗಳಲ್ಲಿ, ತೀವ್ರ ರಕ್ತಹೀನತೆಯಲ್ಲಿ, ಇತ್ತೀಚೆಗೆ ರಕ್ತ ಪಡೆದವರಲ್ಲಿ ತಪ್ಪಾಗಿ ನೆಗೆಟಿವ್ ಬರಬಹುದು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿ ಖಚಿತವಾಗುವವರೆಗೆ ಹುಡುಗ ಹುಡುಗಿಯರ ಎದುರು "ನಿಮಗೆ ಕಾಯಿಲೆ ಇದೆ" ಎಂಬ ಮಾತನ್ನು ಆಡಲೇಬಾರದು. ಹಾಡಿಯಲ್ಲಿ ಆ ಮಾತು ಮದುವೆಯ ಮಾತುಕತೆಗಳವರೆಗೆ ಹೋಗುತ್ತದೆ.

ರಾತ್ರಿ ಡ್ಯೂಟಿ

ವಿಶ್ವೇಶ್ವರಯ್ಯ ನಾಲೆಯ ಬಯಲಿನ ಭತ್ತ, ಕಬ್ಬಿನ ಗದ್ದೆಗಳಿಗೆ ರಾತ್ರಿ ನೀರು ಕಟ್ಟಲು ಹೋದವರಿಗೆ ಹಾವು ಕಚ್ಚುವುದು ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಆಗ ಕ್ಯಾಷುಯಾಲಿಟಿಯಿಂದ ಕೇಳುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಹೊಸದಾದ, ಒಣಗಿದ, ಸೋಪು ಅಥವಾ ಡಿಟರ್ಜೆಂಟಿನಿಂದ ತೊಳೆಯದ ಗಾಜಿನ ಟ್ಯೂಬಿಗೆ 2 ಮಿ.ಲೀ. ತಾಜಾ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನೆಟ್ಟಗೆ ನಿಲ್ಲಿಸಿ, ಆಮೇಲೆ ಒಂದೇ ಒಂದು ಸಲ ಬಾಗಿಸಿ ನೋಡಬೇಕು. ರಕ್ತ ನೀರಾಗಿ ಹರಿದರೆ ಕೊಳಕುಮಂಡಲದಂತಹ ಹಾವಿನ ವಿಷ ಹೆಪ್ಪುಗಟ್ಟುವಿಕೆಯನ್ನು ಕೆಡಿಸಿದೆ ಎಂದು ಅರ್ಥ. ವೈದ್ಯರು ಅದರ ಮೇಲೆ ಪ್ರತಿವಿಷ ಕೊಡುವ ತೀರ್ಮಾನ ಮಾಡುತ್ತಾರೆ. ಟ್ಯೂಬು ಪ್ಲಾಸ್ಟಿಕ್ಕಿನದಾಗಿದ್ದರೆ ಅಥವಾ ಸೋಪಿನ ಅಂಶ ಉಳಿದಿದ್ದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಹೋಗಬಹುದು. ಆದ್ದರಿಂದ ಹೊಸ ಗಾಜಿನ ಟ್ಯೂಬುಗಳ ಒಂದು ಡಬ್ಬಿಯನ್ನು ಇದಕ್ಕೆಂದೇ ಎತ್ತಿಟ್ಟು ಮೇಲೆ ಬರೆದಿಡಿ. ಹತ್ತು ನಿಮಿಷಕ್ಕೇ ಟ್ಯೂಬ್ ಎತ್ತಿ ನೋಡುವ ಆತುರ ಮನೆಯವರಿಗೂ ಇರುತ್ತದೆ, ಕೆಲವೊಮ್ಮೆ ನಮಗೂ ಇರುತ್ತದೆ; ಗಡಿಯಾರ ಹಚ್ಚಿ ಯಾರೂ ಮುಟ್ಟದ ಜಾಗದಲ್ಲಿಡಿ. ಹೆಪ್ಪುಗಟ್ಟಿತೆಂದು ವಿಷವಿಲ್ಲ ಎಂದು ಹೇಳಬೇಡಿ. ನಾಗರಹಾವು, ಕಟ್ಟುಹಾವು ಕಚ್ಚಿದಾಗ ರಕ್ತ ಎಂದಿನಂತೆಯೇ ಹೆಪ್ಪುಗಟ್ಟುತ್ತದೆ, ಅವುಗಳ ವಿಷ ಹಿಡಿಯುವುದು ನರಮಂಡಲವನ್ನು. ಕೊಳಕುಮಂಡಲದ ವಿಷವೂ ತಡವಾಗಿ ಏರಬಹುದು. ಹಾಗಾಗಿಯೇ ಈ ಪರೀಕ್ಷೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಪ್ರತಿ ಸಲವೂ ಸಮಯವನ್ನು ಬರೆಯಿರಿ.

ರಾತ್ರಿ ರಕ್ತದ ಗುಂಪು ನೋಡುವಾಗ ಫಾರ್ವರ್ಡ್ (ರೋಗಿಯ ಕಣಗಳನ್ನು ನೋಡುವ) ಪರೀಕ್ಷೆಯ ಜೊತೆಗೆ ರಿವರ್ಸ್ (ರೋಗಿಯ ಸೀರಮ್ಮನ್ನು ಗುಂಪು ಗೊತ್ತಿರುವ ಕಣಗಳೊಂದಿಗೆ ಬೆರೆಸಿ ನೋಡುವ) ಪರೀಕ್ಷೆಯನ್ನೂ ಮಾಡಿ. 1952ರಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಬೊಂಬಾಯಿಯಲ್ಲಿ ಗುರುತಿಸಿದ ಬಾಂಬೆ ಗುಂಪಿನವರು ಫಾರ್ವರ್ಡ್ ಪರೀಕ್ಷೆಯಲ್ಲಿ 'ಓ' ಎಂದೇ ಕಾಣುತ್ತಾರೆ. ರಿವರ್ಸಿನಲ್ಲಿ ಅವರ ಸೀರಮ್ 'ಓ' ಕಣಗಳನ್ನೂ ಅಂಟಿಸುತ್ತದೆ. ಅಂಥವರಿಗೆ 'ಓ' ರಕ್ತ ಕೊಟ್ಟರೆ ಅಪಾಯ. ಗುಂಪಿನಲ್ಲಿ ಎಲ್ಲಿ ಹೊಂದಾಣಿಕೆ ತಪ್ಪಿದರೂ ಒಬ್ಬರೇ ತೀರ್ಮಾನಿಸದೆ ಹಿರಿಯರನ್ನು ಎಬ್ಬಿಸಿ.

ಅಪಾಯದ ಅಂಕಿಗಳ ಪಟ್ಟಿಯನ್ನು ಪ್ರತಿ ಆಸ್ಪತ್ರೆಯೂ ತಾನೇ ಗೊತ್ತುಮಾಡಿರುತ್ತದೆ. ಸೇರಿದ ದಿನವೇ ಅದನ್ನು ಕೇಳಿ ಪಡೆಯಿರಿ. ಪೊಟ್ಯಾಸಿಯಂ, ಸೋಡಿಯಂ, ಸಕ್ಕರೆ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಅದರಲ್ಲಿ ಇದ್ದೇ ಇರುತ್ತವೆ. ಅಂಥ ಅಂಕಿ ಬಂದಾಗ ಸ್ಯಾಂಪಲ್ ಸರಿಯಿದೆಯೆಂದು ಖಚಿತಪಡಿಸಿಕೊಂಡು ಫೋನ್ ಮಾಡಿ, ರೋಗಿಯ ಹೆಸರು, ಸಂಖ್ಯೆ, ಅಂಕಿ ಹೇಳಿ, ಕೇಳಿಸಿಕೊಂಡವರಿಂದ ಅದನ್ನು ವಾಪಸ್ಸು ಹೇಳಿಸಿ, ಅವರ ಹೆಸರನ್ನೂ ಸಮಯವನ್ನೂ ಬರೆಯಿರಿ. ಫೋನ್ ಎತ್ತದಿದ್ದರೆ ಟ್ಯೂಬ್ ತಂದ ಅಟೆಂಡರ್ ಕೈಯಲ್ಲಿ ಚೀಟಿ ಕೊಟ್ಟು ಸುಮ್ಮನಾಗದೆ ನೀವೇ ನಡೆದುಹೋಗಿ ತಿಳಿಸಿ.

ನಿಮ್ಮ ಮೈಯ ಕಾಳಜಿ

ಕೆಲಸಕ್ಕೆ ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳನ್ನು 0, 1 ಮತ್ತು 6ನೆಯ ತಿಂಗಳಲ್ಲಿ ಹಾಕಿಸಿಕೊಂಡು, ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ಆ್ಯಂಟಿಬಾಡಿ ಮಟ್ಟವನ್ನು ನೋಡಿಸಿಕೊಳ್ಳಿ. ಅದು ಒಂದು ಮಿ.ಲೀ.ಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ (mIU) ಅಥವಾ ಅದಕ್ಕಿಂತ ಹೆಚ್ಚಿರಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಚುಚ್ಚಿಕೊಂಡರೆ ಹಿಂಡದೆ, ಬಾಯಿಗಿಡದೆ, ಸೋಪು ನೀರಿನಿಂದ ತೊಳೆದು ಕೂಡಲೇ ಕ್ಯಾಷುಯಾಲಿಟಿಗೆ ವರದಿ ಮಾಡಿ. ಎಚ್‌ಐವಿ ತಡೆಯ ಔಷಧಿ ಅಗತ್ಯವಾದರೆ ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ, 72 ಗಂಟೆ ಮೀರಬಾರದು, 28 ದಿನ ತೆಗೆದುಕೊಳ್ಳಬೇಕು. ಹಿರಿಯರು ಬೈದಾರು ಎಂದು ಮುಚ್ಚಿಡುವ ಹುಡುಗರಿದ್ದಾರೆ. ಹಾಗೆ ಮುಚ್ಚಿಡುವಂತಹ ವಾತಾವರಣವಿದ್ದರೆ ಆ ತಪ್ಪು ಲ್ಯಾಬಿನ ಮೇಲ್ವಿಚಾರಕರದು.

ಕಸದ ವಿಷಯದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಆಧಾರ. ಸೂಜಿ, ಬ್ಲೇಡು ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ, ಪ್ಲಾಸ್ಟಿಕ್ ಟ್ಯೂಬ್, ಸಿರಿಂಜ್, ಗ್ಲೌಸ್ ಕೆಂಪಿಗೆ, ರಕ್ತ ತಾಗಿದ ಹತ್ತಿ ಹಳದಿಗೆ, ಒಡೆದ ಗಾಜು ನೀಲಿಗೆ. ಕಲ್ಚರ್ ಪ್ಲೇಟುಗಳನ್ನೂ ರಕ್ತದ ಸ್ಯಾಂಪಲುಗಳನ್ನೂ ಲ್ಯಾಬಿನಲ್ಲೇ ಆಟೋಕ್ಲೇವಿನಂತಹ ವಿಧಾನದಿಂದ ನಿರ್ಜೀವಗೊಳಿಸಿದ ಮೇಲಷ್ಟೇ ಹೊರಗೆ ಕಳುಹಿಸಬೇಕು. ಈ ಚೀಲಗಳನ್ನು ಬರಿಗೈಯಲ್ಲಿ ಎತ್ತುವವರು ಕಡಿಮೆ ಸಂಬಳದ ಗುತ್ತಿಗೆ ಕಾರ್ಮಿಕರು ಎಂಬುದು ನೆನಪಿರಲಿ. ಕೆಂಪು ಚೀಲಕ್ಕೆ ಹೋದ ಒಂದು ಸೂಜಿ ಚುಚ್ಚುವುದು ಅವರಿಗೆ.

ಡ್ಯೂಟಿ ಮುಗಿಸಿ ಹೊರಡುವಾಗ ಮುಂದಿನವರಿಗೆ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು. ಬಾಕಿಯಿರುವ ಸ್ಯಾಂಪಲುಗಳು, ಮತ್ತೆ ತೆಗೆಸಲು ಹೇಳಿ ಇನ್ನೂ ಬಾರದಿರುವವು, ಫೋನಿನಲ್ಲಿ ತಿಳಿಸಿದ ಅಪಾಯದ ಅಂಕಿಗಳು, ಫೇಲಾದ ಕಂಟ್ರೋಲ್, ಮುಗಿಯುತ್ತ ಬಂದ ರೀಏಜೆಂಟ್, ಇನ್‌ಕ್ಯುಬೇಟರಿನಲ್ಲಿರುವ ಕಲ್ಚರುಗಳನ್ನು ಯಾವ ಹೊತ್ತಿಗೆ ತೆರೆದು ನೋಡಬೇಕು ಎಂಬುದು, ಇವೆಲ್ಲ ಹ್ಯಾಂಡ್‌ಓವರ್ ಪುಸ್ತಕದಲ್ಲಿ ಸಮಯದ ಸಮೇತ ಇರಲಿ. ಹಾವು ಕಚ್ಚಿದವರ ಮುಂದಿನ ಟ್ಯೂಬ್ ಬೆಳಗಿನ ಪಾಳಿಯಲ್ಲಿ ಬರುವುದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆದು, ಗಾಜಿನ ಟ್ಯೂಬಿನ ಡಬ್ಬಿ ಎಲ್ಲಿದೆ ಎಂದು ತೋರಿಸಿ, ಬಂದವರ ಸಹಿ ಪಡೆದು ಹೊರಡಿ.